ನಡುಮನೆ ಲ್ಯಾಪ್‌ಟಾಪ್‌ಗೆ ಮೂರು ಲಿನಕ್ಸ್: ಏಳು ವಾರದ ದುರಸ್ತಿ ಟಿಪ್ಪಣಿ

ತುಮಕೂರಿನ ನಮ್ಮ ಮನೆಯಲ್ಲಿ ಇರುವುದು ಒಂದೇ ಲ್ಯಾಪ್‌ಟಾಪ್. 2015ರದ್ದು. ಇಂಟೆಲ್ ಐ3-5005ಯು, 4 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್. ಅದರಲ್ಲಿದ್ದದ್ದು ವಿಂಡೋಸ್ 10. ಅದಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯುತ್ತದೆ ಎಂದು ಮೊದಲೇ ಗೊತ್ತಿತ್ತು. ವಿಂಡೋಸ್ 11 ಈ ಪ್ರೊಸೆಸರ್ ಅನ್ನು ಒಪ್ಪುವುದಿಲ್ಲ. ಹಾಗಾಗಿ ವಿಂಡೋಸ್ ಬದಲು ಓಡಿಸಬಹುದಾದ ಉಚಿತ ವ್ಯವಸ್ಥೆ ಲಿನಕ್ಸ್ ಹಾಕೋಣ ಎಂದು ಹೊರಟೆ. ಉಬುಂಟು, ಫೆಡೋರಾ, ಡೆಬಿಯನ್, ಮಿಂಟ್ ಎಲ್ಲ ಅದರದ್ದೇ ಬೇರೆ ಬೇರೆ ರೂಪಗಳು, ಇವಕ್ಕೆ ಡಿಸ್ಟ್ರೋ ಎನ್ನುತ್ತಾರೆ.

ಬಳಸುವವರು ಯಾರು ಅನ್ನೋದನ್ನು ಮೊದಲೇ ಹೇಳುತ್ತೇನೆ, ಮುಂದಿನದೆಲ್ಲ ಅದರ ಮೇಲೆ ನಿಂತಿದೆ. ಅಪ್ಪ ನಿವೃತ್ತ ಕನ್ನಡ ಮೇಷ್ಟ್ರು. ದಿನಾ ಬೆಳಿಗ್ಗೆ ಒಂದೆರಡು ಗಂಟೆ 'ನುಡಿ' ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡುತ್ತಾರೆ. ಮಗಳು ಒಂಬತ್ತನೇ ಕ್ಲಾಸ್. ಹೆಂಡತಿಗೆ ಬಿಲ್ಲು, ಬ್ಯಾಂಕು, ಫೋಟೋ. ನನಗೆ ಶನಿವಾರ, ಭಾನುವಾರ ಮಾತ್ರ ಬಿಡುವು.

1. ಆಗಸ್ಟ್ 16, ಶನಿವಾರ: ಉಬುಂಟು 24.04

ವಿಂಡೋಸ್‌ನಲ್ಲಿದ್ದಾಗಲೇ ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಡೆಸ್ಕ್‌ಟಾಪ್ ಈ ಮೂರನ್ನೂ ಹೊರಗಿನ ಡಿಸ್ಕ್‌ಗೆ ಕಾಪಿ ಮಾಡಿದೆ. 41 ಜಿಬಿ. ಮೂರೂವರೆ ಗಂಟೆ ಹಿಡಿಯಿತು. ಅಷ್ಟು ಹೊತ್ತು ಯಾಕೆ ಹಿಡಿಯಿತು ಎಂದು ಆಗಲೇ ನಿಂತು ಯೋಚಿಸಬೇಕಿತ್ತು. ಯೋಚಿಸಲಿಲ್ಲ.

ಐಎಸ್‌ಒ ಫೈಲ್, ಅಂದರೆ ಇನ್‌ಸ್ಟಾಲ್ ಮಾಡಲು ಡೌನ್‌ಲೋಡ್ ಮಾಡುವ ಫೈಲ್, ಸುಮಾರು 6 ಜಿಬಿ. 32 ಜಿಬಿ ಪೆನ್‌ಡ್ರೈವ್‌ಗೆ ವೆಂಟಾಯ್ ಹಾಕಿಕೊಂಡೆ. ವೆಂಟಾಯ್ ಇದ್ದರೆ ಪ್ರತಿ ಸಲ ಪೆನ್‌ಡ್ರೈವ್ ಬರೆಯೋ ಕೆಲಸ ಇಲ್ಲ, ಐಎಸ್‌ಒಗಳನ್ನು ಸುಮ್ನೆ ಅದರೊಳಗೆ ಕಾಪಿ ಮಾಡಿದರೆ ಸಾಕು. ಇನ್‌ಸ್ಟಾಲರ್ ಕೇಳಿದಾಗ ಇಡೀ ಡಿಸ್ಕ್ ಅಳಿಸು ಎಂದೆ. ಹೋಮ್‌ಗೆ (ನಮ್ಮ ಫೈಲ್‌ಗಳೆಲ್ಲ ಇರುವ ಫೋಲ್ಡರ್) ಡಿಸ್ಕ್‌ನಲ್ಲಿ ಬೇರೆ ಭಾಗ, ಅಂದರೆ ಪಾರ್ಟಿಶನ್, ಮಾಡಲಿಲ್ಲ.

ಅಪ್ಪನ ಕೋಣೆಯಲ್ಲಿ ವೈಫೈ ಸಿಗುತ್ತಿರಲಿಲ್ಲ. ರೂಟರ್ ಪಕ್ಕ ಕೂತರೆ ಮಾತ್ರ ಬರುತ್ತಿತ್ತು. ಕಾರ್ಡ್ ಯಾವುದು ಎಂದು ನೋಡಿದರೆ ಆರ್‌ಟಿಎಲ್8723ಬಿಇ. ಈ ಕಾರ್ಡ್‌ಗೆ ಆಂಟೆನಾ ಸಿಕ್ಕಿಸುವ ಜಾಗ ಎರಡು, ಲ್ಯಾಪ್‌ಟಾಪ್ ಮಾಡಿದವರು ಕೊಟ್ಟ ಆಂಟೆನಾ ಒಂದೇ. ಕಾರ್ಡ್ ಓಡಿಸುವ ಪ್ರೋಗ್ರಾಮ್, ಅಂದರೆ ಡ್ರೈವರ್, ಖಾಲಿ ಜಾಗಕ್ಕೆ ಕಿವಿಗೊಟ್ಟು ಕೂತಿರುತ್ತದೆ. ಸಿಸ್ಟಂ ಸೆಟ್ಟಿಂಗ್‌ಗಳಿರುವ ಇಟಿಸಿ ಫೋಲ್ಡರ್ ಒಳಗಿನ ಮಾಡ್‌ಪ್ರೋಬ್.ಡಿಯಲ್ಲಿ ಒಂದು ಫೈಲ್ ಮಾಡಿ, ಯಾವ ಆಂಟೆನಾ ಜಾಗ ಬಳಸಬೇಕು ಎಂದು ಹೇಳುವ 'ಆಂಟ್‌_ಸೆಲ್=1' ಎಂಬ ಆಯ್ಕೆ ಬರೆದೆ. ಏನೂ ಬದಲಾಗಲಿಲ್ಲ. 2 ಎಂದು ಬದಲಿಸಿ ರೀಸ್ಟಾರ್ಟ್ ಮಾಡಿದೆ. ಸಿಗ್ನಲ್ ಮೈನಸ್ 82ರಿಂದ ಮೈನಸ್ 51 ಡಿಬಿಎಂಗೆ ಬಂತು. ಅಪ್ಪನ ಕೋಣೆಗೂ ನೆಟ್ ಬಂತು. ಇದನ್ನು ಎಲ್ಲೂ ಬರೆದಿಡಲಿಲ್ಲ.

ಕನ್ನಡಕ್ಕೆ ಸೆಟ್ಟಿಂಗ್ಸ್‌ನ ಕೀಬೋರ್ಡ್ ಪಟ್ಟಿಯಲ್ಲಿ 'ಕನ್ನಡ (ಕಗಪ, ಫೋನೆಟಿಕ್)' ಇತ್ತು. ಕಗಪ ಅಂದರೆ ಕನ್ನಡ ಗಣಕ ಪರಿಷತ್ತು, ನುಡಿ ಮಾಡಿದವರು. ಅದನ್ನು ಸೇರಿಸಿ 'ಕನ್ನಡ' ಎಂದು ಟೈಪ್ ಮಾಡಿ ನೋಡಿದೆ. ಸರಿಯಾಗಿ ಬಂತು. ಮುಗೀತು ಅಂದುಕೊಂಡೆ. ಈ ಏಳು ವಾರದ ದೊಡ್ಡ ತಪ್ಪು ಇದು. ಯಾಕೆ ಅನ್ನೋದು 5ನೇ ಹಂತದಲ್ಲಿದೆ.

2. ಆಗಸ್ಟ್ 30: ಫೆಡೋರಾ 42

ಎರಡು ವಾರ ಉಬುಂಟು ಬಳಸಿದೆವು. ಆನ್ ಮಾಡಿದರೆ ಡೆಸ್ಕ್‌ಟಾಪ್ ಬರಲು 1 ನಿಮಿಷ 52 ಸೆಕೆಂಡ್. ಬ್ರೌಸರ್ ತೆರೆಯಲು ಇನ್ನರ್ಧ ನಿಮಿಷ. ಗಣೇಶನ ಹಬ್ಬದ ಫೋಟೋ ಹಾಕಲು ಕೂತ ಹೆಂಡತಿ ಅರ್ಧಕ್ಕೇ ಎದ್ದು ಹೋದಳು. ಡಿಸ್ಟ್ರೋ ಭಾರ ಆಯ್ತು ಎಂದು ತೀರ್ಮಾನಿಸಿದೆ. ಫೆಡೋರಾದಲ್ಲಿ ಮೆಮೊರಿಯಲ್ಲಿರುವುದನ್ನು ಕುಗ್ಗಿಸಿಡುವ ಝಡ್‌ರ‍್ಯಾಮ್ ಮೊದಲೇ ಆನ್ ಆಗಿರುತ್ತದೆ, ಕಮ್ಮಿ ರ‍್ಯಾಮ್ ಇರುವ ಕಡೆ ಒಳ್ಳೆಯದು ಅನ್ನೋದು ನನ್ನ ಲೆಕ್ಕ.

ಬ್ಯಾಕಪ್ ತೆಗೆಯುವಾಗ ಫೈಲ್ ಮ್ಯಾನೇಜರ್‌ನಲ್ಲೇ ಫೋಲ್ಡರ್‌ಗಳನ್ನು ಎಳೆದು ಹಾಕಿದೆ. ಚುಕ್ಕಿಯಿಂದ ಶುರುವಾಗುವ ಫೋಲ್ಡರ್‌ಗಳು ಅಡಗಿರುತ್ತವೆ ಎಂದು ಗೊತ್ತಿತ್ತು. ಕಂಟ್ರೋಲ್ ಎಚ್ ಒತ್ತಿ ಫೈರ್‌ಫಾಕ್ಸ್ ಬ್ರೌಸರ್ ತನ್ನ ಮಾಹಿತಿ ಇಡುವ 'ಡಾಟ್ ಮೊಜಿಲ್ಲಾ' ಫೋಲ್ಡರ್ ಹುಡುಕಿದೆ. ಇರಲಿಲ್ಲ. ಫೈರ್‌ಫಾಕ್ಸ್ ಇನ್ನೆಲ್ಲೋ ಇಟ್ಟಿರಬೇಕು, ಆಮೇಲೆ ನೋಡಿದರಾಯ್ತು ಎಂದು ಮುಂದೆ ಹೋದೆ. ಹೋಮ್‌ನಲ್ಲಿ 'ಸ್ನ್ಯಾಪ್' ಎಂಬ 2 ಜಿಬಿ ಫೋಲ್ಡರ್ ಕಣ್ಣೆದುರಿಗೇ ಇತ್ತು. ಅದು ಪ್ರೋಗ್ರಾಮ್‌ಗಳ ಕಸ ಅಂದುಕೊಂಡು ಬಿಟ್ಟೆ.

ಉಬುಂಟುನಲ್ಲಿ ಫೈರ್‌ಫಾಕ್ಸ್ ಬರುವುದು ಸ್ನ್ಯಾಪ್ ಆಗಿ, ಅಂದರೆ ತನ್ನದನ್ನೆಲ್ಲ ಬೇರೆ ಫೋಲ್ಡರ್‌ನಲ್ಲಿ ಇಟ್ಟುಕೊಳ್ಳುವ ಪ್ಯಾಕೇಜ್ ಆಗಿ. ಅದರ ಪ್ರೊಫೈಲ್ (ಬುಕ್‌ಮಾರ್ಕ್, ಪಾಸ್‌ವರ್ಡ್ ಎಲ್ಲ ಇರುವ ಫೋಲ್ಡರ್) ಇರುವುದು ಸ್ನ್ಯಾಪ್, ಅದರೊಳಗೆ ಫೈರ್‌ಫಾಕ್ಸ್, ಅದರೊಳಗೆ ಕಾಮನ್, ಅದರೊಳಗಿನ ಡಾಟ್ ಮೊಜಿಲ್ಲಾದಲ್ಲಿ. ಇದು ಗೊತ್ತಾದದ್ದು ಡಿಸ್ಕ್ ಅಳಿಸಿ ಫೆಡೋರಾ ಹಾಕಿದ ಮೇಲೆ. ಮಗಳ ಬುಕ್‌ಮಾರ್ಕ್, ಹೆಂಡತಿಯ ಉಳಿಸಿದ ಪಾಸ್‌ವರ್ಡ್ ಎಲ್ಲ ಹೋಯ್ತು. ಭಾನುವಾರ ಪೂರ್ತಿ 11 ಖಾತೆಗಳ ಪಾಸ್‌ವರ್ಡ್ ಬದಲಾಯಿಸುವುದರಲ್ಲೇ ಕಳೆಯಿತು. ಮಗಳು ವಿಜ್ಞಾನದ ಪ್ರಾಜೆಕ್ಟ್‌ಗೆ ಎಂದು ಒಟ್ಟುಮಾಡಿದ್ದ ಪುಟಗಳ ಪಟ್ಟಿ ಮಾತ್ರ ವಾಪಸ್ ಬರಲಿಲ್ಲ. ಅವಳು ಏನೂ ಅನ್ನಲಿಲ್ಲ. ನನಗೆ ಈಗಲೂ ಬೇಜಾರಿದೆ.

ವೈಫೈ ಮತ್ತೆ ಹೋಗಿತ್ತು. ನಾನು ಮಾಡಿದ್ದ ದುರಸ್ತಿ ಇದ್ದದ್ದು ಇಟಿಸಿಯಲ್ಲಿ, ಅದು ಫಾರ್ಮ್ಯಾಟ್ ಜೊತೆಗೆ ಹೋಯ್ತು. ಆಯ್ಕೆಯ ಹೆಸರು ನೆನಪಿರಲಿಲ್ಲ. ಮತ್ತೆ ಹುಡುಕಿ ಬರೆಯಲು ಮುಕ್ಕಾಲು ಗಂಟೆ. ಕೆಲವು ವಿಡಿಯೋ ಓಡದೇ ಇದ್ದದ್ದು ಆರ್‌ಪಿಎಂ ಫ್ಯೂಶನ್ ಎಂಬ ಹೆಚ್ಚುವರಿ ಪ್ಯಾಕೇಜ್ ಭಂಡಾರ ಸೇರಿಸಿದ ಮೇಲೆ ಸರಿಹೋಯ್ತು.

ವೇಗ? ಆನ್ ಆಗಲು 1 ನಿಮಿಷ 47 ಸೆಕೆಂಡ್.

3. ಸೆಪ್ಟೆಂಬರ್ 6: ಮೊದಲು ಮಾಡಬೇಕಿದ್ದ ಪರೀಕ್ಷೆ

ಟರ್ಮಿನಲ್‌ನಲ್ಲಿ ಕಂಪ್ಯೂಟರ್ ಏನು ಮಾಡುತ್ತಿದೆ ಎಂದು ತೋರಿಸುವ 'ಟಾಪ್' ತೆರೆದಿಟ್ಟು ಬ್ರೌಸರ್ ಶುರುಮಾಡಿದೆ. ಮೇಲಿನ ಸಾಲಿನಲ್ಲಿ 'ಡಬ್ಲ್ಯುಎ' ಎಂಬ ಅಂಕಿ 70ರ ಸುಮಾರು. ಅಂದರೆ ಪ್ರೊಸೆಸರ್‌ಗೆ ಕೆಲಸ ಇಲ್ಲ, ಡಿಸ್ಕ್‌ಗಾಗಿ ಕಾಯುತ್ತಾ ಕೂತಿದೆ. 'ಎಚ್‌ಡಿಪಾರ್ಮ್' ಓಡಿಸಿದರೆ ಓದುವ ವೇಗ ಸೆಕೆಂಡಿಗೆ 38 ಎಂಬಿ. 'ಸ್ಮಾರ್ಟ್‌ಸಿಟಿಎಲ್' ಕೊಟ್ಟ ಡಿಸ್ಕ್ ಆರೋಗ್ಯದ ಪಟ್ಟಿಯಲ್ಲಿ ರೀಅಲೊಕೇಟೆಡ್ ಸೆಕ್ಟರ್ (ಕೆಟ್ಟು ಬದಲಿ ಜಾಗಕ್ಕೆ ಹೋದವು) 344, ಪೆಂಡಿಂಗ್ ಸೆಕ್ಟರ್ (ಸರಿಯಾಗಿ ಓದಲು ಬಾರದವು) 112. ಎರಡೂ ಸೊನ್ನೆ ಇರಬೇಕಾದವು. ಡಿಸ್ಕ್ ಸಾಯುತ್ತಿತ್ತು.

ಉಬುಂಟುದು ತಪ್ಪಿರಲಿಲ್ಲ, ಫೆಡೋರಾದ್ದೂ ಅಲ್ಲ. ಹತ್ತು ನಿಮಿಷದ ಈ ಮೂರು ಪರೀಕ್ಷೆಯನ್ನು ಆಗಸ್ಟ್ 16ರ ಬೆಳಿಗ್ಗೆ ಮಾಡಿದ್ದರೆ ಎರಡನೇ ಹಂತವೇ ಇರುತ್ತಿರಲಿಲ್ಲ. ಮಗಳ ಪಟ್ಟಿಯೂ ಉಳಿಯುತ್ತಿತ್ತು. ಹಳೆ ಯಂತ್ರಕ್ಕೆ ಲಿನಕ್ಸ್ ಹಾಕುವವರು, ಇನ್‌ಸ್ಟಾಲ್ ಮಾಡದೆಯೇ ಓಡುವ ಲೈವ್ ಪೆನ್‌ಡ್ರೈವ್‌ನಿಂದಲೇ ಇದನ್ನು ಮಾಡಬಹುದು. ದಯವಿಟ್ಟು ಮಾಡಿ.

4. ಸೆಪ್ಟೆಂಬರ್ 13 ಮತ್ತು 14: ಬಿಚ್ಚುವ ಕೆಲಸ

ಬೆಂಗಳೂರಿನ ಎಸ್‌ಪಿ ರೋಡ್‌ಗೆ ಹೋಗಿ ಹಾರ್ಡ್ ಡಿಸ್ಕ್ ಬದಲು ಹಾಕುವ, ಅದಕ್ಕಿಂತ ವೇಗದ 256 ಜಿಬಿ ಸಾಟಾ ಎಸ್‌ಎಸ್‌ಡಿ, 4 ಜಿಬಿಯ ಸೆಕೆಂಡ್‌ಹ್ಯಾಂಡ್ ರ‍್ಯಾಮ್ ತಂದೆ.

ತಳದಲ್ಲಿ ಕಾಣುವ ಸ್ಕ್ರೂ 11. ಎಲ್ಲ ಬಿಚ್ಚಿದರೂ ಮುಚ್ಚಳ ಏಳಲಿಲ್ಲ. ಹಳೆ ಎಟಿಎಂ ಕಾರ್ಡ್ ತೂರಿಸಿ ಮೀಟಿದೆ, ಒಂದು ಪ್ಲಾಸ್ಟಿಕ್ ಕೊಂಡಿ ಮುರಿಯಿತು. ಇನ್ನೂ ಎರಡು ಸ್ಕ್ರೂ ಹಿಂದಿನ ರಬ್ಬರ್ ಪಟ್ಟಿಯ ಕೆಳಗಿದ್ದವು. ಏಳದಿದ್ದರೆ ಬಲ ಹಾಕಬೇಡಿ, ರಬ್ಬರ್ ಕೆಳಗೆ ಮತ್ತು ಡಿವಿಡಿ ಡ್ರೈವ್ ಜಾಗದಲ್ಲಿ ನೋಡಿ. ಸ್ಕ್ರೂಗಳು ಎರಡು ಅಳತೆಯವು. ರಟ್ಟಿನ ಮೇಲೆ ಲ್ಯಾಪ್‌ಟಾಪ್ ತಳದ ಚಿತ್ರ ಬರೆದು, ಬಿಚ್ಚಿದ್ದನ್ನು ಅದೇ ಜಾಗಕ್ಕೆ ಚುಚ್ಚಿಟ್ಟದ್ದು ಉಪಯೋಗಕ್ಕೆ ಬಂತು. ಆ ಉಪಾಯ ಮಗಳದ್ದು.

ಬ್ಯಾಟರಿ ಕನೆಕ್ಟರ್ ತೆಗೆದು, ಎಸ್‌ಎಸ್‌ಡಿ ಕೂರಿಸಿ, ರ‍್ಯಾಮ್ ಹಾಕಿದೆ. ಆನ್ ಮಾಡಿದರೆ ಪರದೆ ಕಪ್ಪು. ಕ್ಯಾಪ್ಸ್‌ಲಾಕ್ ದೀಪ ಮಾತ್ರ ಮಿಣಮಿಣ. ಹೊಸ ರ‍್ಯಾಮ್ ತೆಗೆದರೆ ಓಡುತ್ತದೆ. ಚೀಟಿ ಓದಿದಾಗ ಗೊತ್ತಾಯ್ತು: ನಾನು ತಂದದ್ದರ ಮೇಲೆ ಪಿಸಿ3 ಎಂದಿದೆ, ಒಳಗಿದ್ದದ್ದರ ಮೇಲೆ ಪಿಸಿ3ಎಲ್. ಎಲ್ ಇದ್ದರೆ 1.35 ವೋಲ್ಟ್, ಇಲ್ಲದಿದ್ದರೆ 1.5. ನೋಡೋದಕ್ಕೆ ಎರಡೂ ಒಂದೇ ಥರ, ಕೂರುವುದೂ ಒಂದೇ ಸ್ಲಾಟ್‌ನಲ್ಲಿ. ಈ ಪ್ರೊಸೆಸರ್‌ಗೆ ಬೇಕಾದದ್ದು 1.35ರದ್ದು. ಅಂಗಡಿಗೆ ಹೋಗುವಾಗ ಹಳೆ ರ‍್ಯಾಮ್ ಬಿಚ್ಚಿ ಕೈಯಲ್ಲೇ ಹಿಡಿದುಕೊಂಡು ಹೋಗಬೇಕು. ಭಾನುವಾರ ಅಂಗಡಿ ಇಲ್ಲ. ಬುಧವಾರ ಅರ್ಧ ದಿನ ರಜೆ ಹಾಕಿ ಮತ್ತೆ ಹೋದೆ. 100 ರೂಪಾಯಿ ಹಿಡಿದುಕೊಂಡು ಬದಲಾಯಿಸಿಕೊಟ್ಟರು.

ಖರ್ಚು: ಎಸ್‌ಎಸ್‌ಡಿ 1,750, ರ‍್ಯಾಮ್ 650, ಬದಲಾವಣೆಗೆ 100, ಪೆನ್‌ಡ್ರೈವ್ 380, ಹಳೆ ಡಿಸ್ಕ್ ಓದಲು ಯುಎಸ್‌ಬಿ ಕೇಸ್ 250, ಸ್ಕ್ರೂಡ್ರೈವರ್ ಸೆಟ್ 220. ಒಟ್ಟು 3,350 ರೂಪಾಯಿ, ರೈಲು ಚಾರ್ಜ್ ಬಿಟ್ಟು.

5. ಸೆಪ್ಟೆಂಬರ್ 20: ಲೈವ್ ಪರೀಕ್ಷೆ, ಅಪ್ಪನ ಕೈಯಲ್ಲಿ

ಖಾಲಿ ಎಸ್‌ಎಸ್‌ಡಿಗೆ ಏನು ಹಾಕುವುದು? ಈ ಸಲ ಅವಸರ ಮಾಡಲಿಲ್ಲ. ವೆಂಟಾಯ್ ಪೆನ್‌ಡ್ರೈವ್‌ಗೆ ಡೆಬಿಯನ್ 13 ಮತ್ತು ಲಿನಕ್ಸ್ ಮಿಂಟ್ 22.2, ಎರಡರದ್ದೂ ಹಗುರ ಡೆಸ್ಕ್‌ಟಾಪ್ ಇರುವ ಎಕ್ಸ್‌ಎಫ್‌ಸಿಇ ಆವೃತ್ತಿ ಹಾಕಿದೆ. ಒಂದು ಹಾಳೆಯ ಮೇಲೆ ಪಟ್ಟಿ ಬರೆದೆ. ಅಪ್ಪನ ಕೋಣೆಯಲ್ಲಿ ವೈಫೈ, ಸೌಂಡ್, ಕ್ಯಾಮೆರಾ, ಮುಚ್ಚಿ ತೆರೆದರೆ ಎಚ್ಚರ ಆಗುತ್ತದಾ, ಕನ್ನಡ ಟೈಪಿಂಗ್. ಮಗಳಿಗೆ ದಸರಾ ರಜೆ, ಟಿಕ್ ಹಾಕುವ ಕೆಲಸ ಅವಳದ್ದು.

ಕನ್ನಡದ ಸಾಲಿಗೆ ಬಂದಾಗ ನಾನು ಮತ್ತೆ 'ಕನ್ನಡ' ಎಂದು ಹೊಡೆದೆ. ಬಂತು. ಟಿಕ್ ಹಾಕು ಎಂದೆ. ಪಕ್ಕದಲ್ಲಿ ಪೇಪರ್ ಓದುತ್ತಿದ್ದ ಅಪ್ಪ, 'ಅದು ಬರುತ್ತಪ್ಪ, "ಇದು" ಅಂತ ಹೊಡಿ ನೋಡೋಣ' ಅಂದರು. ಹೊಡೆದೆ. ಇ ಬರಲಿಲ್ಲ. ಒಂದು ಚುಕ್ಕಿ ವೃತ್ತ, ಅದರ ಮೇಲೊಂದು ಗುಡಿಸು, ಆಮೇಲೆ 'ದು'. 'ಊರು' ಅಂದರೆ ವೃತ್ತಕ್ಕೆ ಕೊಂಬು.

'ಯಾವಾಗಿಂದ ಹೀಗಿದೆ ಅಪ್ಪ?'

'ನೀನು ಹಾಕಿಕೊಟ್ಟ ದಿನದಿಂದ. ನೀನು ಬೇರೆ ಬೇರೆ ಏನೋ ಮಾಡ್ತಾ ಇದ್ದೆ, ಮುಗೀಲಿ ಅಂತ ಸುಮ್ಮನಿದ್ದೆ.'

ಐದು ವಾರದಿಂದ ಅವರು ನೋಟ್‌ಬುಕ್ಕಿನಲ್ಲಿ ಕೈಯಲ್ಲೇ ಬರೆಯುತ್ತಿದ್ದರು. 64 ಪುಟ ಆಗಿತ್ತು. ನಾನು ಬೂಟ್ ಆಗಲು ಎಷ್ಟು ಸೆಕೆಂಡ್ ಎಂದು ಅಳೆಯುತ್ತಿದ್ದೆ, ಮನೆಯಲ್ಲಿ ಅತಿ ಹೆಚ್ಚು ಟೈಪ್ ಮಾಡುವವರನ್ನು ಒಂದು ಮಾತು ಕೇಳಿರಲಿಲ್ಲ.

'ಕನ್ನಡ' ಎಂಬ ಪದದಲ್ಲಿ ಒಂದೂ ಗುಣಿತ ಚಿಹ್ನೆ ಇಲ್ಲ. ಶುರುವಾಗುವುದು ವ್ಯಂಜನದಿಂದ. ಪರೀಕ್ಷೆಗೆ ಇದಕ್ಕಿಂತ ಕೆಟ್ಟ ಪದ ಸಿಗಲಾರದು, ಎಲ್ಲರೂ ಹೊಡೆದು ನೋಡುವುದು ಇದನ್ನೇ. ಸೆಟ್ಟಿಂಗ್ಸ್‌ನಲ್ಲಿ ಸಿಗುವ ಆ ಕಗಪ ಕೀಲಿಮಣೆ ಲಿನಕ್ಸ್‌ನ ಮೂಲ ಕೀಬೋರ್ಡ್ ವ್ಯವಸ್ಥೆಯಾದ ಎಕ್ಸ್‌ಕೆಬಿಯದ್ದು. ಅದು ಒತ್ತಿದ ಕೀಗೆ ಗೊತ್ತುಮಾಡಿದ ಅಕ್ಷರ ಕೊಡುತ್ತದೆ ಅಷ್ಟೆ, ಅದಕ್ಕೆ ಮೊದಲು ಯಾವ ಅಕ್ಷರ ಇದೆ ಎಂದು ನೋಡುವುದಿಲ್ಲ. ಹಾಗಾಗಿ ಪದದ ಮೊದಲಿಗೆ ಬರುವ ಇ, ಉ, ಎ, ಒಗಳಿಗೆ ಬಲಗಡೆಯ ಆಲ್ಟ್ ಕೂಡ ಹಿಡಿಯಬೇಕು. ನುಡಿಯಲ್ಲಿ ಹಾಗಲ್ಲ. ವ್ಯಂಜನ ಆದ ಮೇಲೆ ಒತ್ತಿದರೆ ಗುಣಿತ, ಬೇರೆ ಕಡೆ ಒತ್ತಿದರೆ ಸ್ವರ. ಅಪ್ಪನ ಬೆರಳು ಇಪ್ಪತ್ತು ವರ್ಷದಿಂದ ಅದಕ್ಕೇ ಒಗ್ಗಿದೆ.

ಪರಿಹಾರ, ಐಬಸ್ ಎಂಬ ಟೈಪಿಂಗ್ ವ್ಯವಸ್ಥೆಗೆ ಕನ್ನಡದ ಕೀಲಿಮಣೆಗಳನ್ನು ಸೇರಿಸುವ ಐಬಸ್-ಎಂ17ಎನ್ ಎಂಬ ಪ್ಯಾಕೇಜ್. ಲೈವ್ ಪೆನ್‌ಡ್ರೈವ್‌ನಲ್ಲೇ ಇನ್‌ಸ್ಟಾಲ್ ಮಾಡಿ ನೋಡಬಹುದು, ಆಫ್ ಮಾಡಿದರೆ ಹೋಗುತ್ತದೆ ಅಷ್ಟೆ. ಐಬಸ್ ಸೆಟಪ್‌ನ ಕನ್ನಡ ಪಟ್ಟಿಯಲ್ಲಿ 'ಕೆಜಿಪಿ' (ಕಗಪ) ಎಂದಿರುವುದನ್ನು ಆರಿಸಬೇಕು. ಅಪ್ಪ ಕೂತು ಇದು, ಊರು, ಎಲ್ಲಿ, ಕೃಷ್ಣ, ಜ್ಞಾನ, ಕಾರ್ಯ ಎಲ್ಲ ಹೊಡೆದರು. ಬಂತು. ಹಾಳೆಯ ಮೇಲೆ ಟಿಕ್ ಹಾಕಿದ್ದು ಅವರೇ.

ಮಿಂಟ್ ಮತ್ತು ಡೆಬಿಯನ್ ಎರಡೂ ಪಟ್ಟಿ ದಾಟಿದವು. ಮಿಂಟ್ 22 ಸರಣಿಗೆ 2029ರವರೆಗೆ ಬೆಂಬಲ. ಡೆಬಿಯನ್‌ಗೆ ಮೂರು ವರ್ಷ ಪೂರ್ತಿ, ಆಮೇಲೆ ಎರಡು ವರ್ಷ ದೀರ್ಘಾವಧಿ ಬೆಂಬಲ, ಅಂದರೆ ಎಲ್‌ಟಿಎಸ್. ಒಂದು ವರ್ಷ ಜಾಸ್ತಿ ಸಿಗುತ್ತದಲ್ವಾ ಎಂದು ಡೆಬಿಯನ್ ಆರಿಸಿದೆ. ಮಿಂಟ್ ಹಾಕಿದ್ದರೂ ನಡೆಯುತ್ತಿತ್ತು.

6. ಸೆಪ್ಟೆಂಬರ್ 21ರಿಂದ 28: ಡೆಬಿಯನ್ 13

ಈ ಸಲ ಫೆಡೋರಾದಿಂದ ಹೊರಡುವ ಮುಂಚೆ ತೆಗೆದಿಟ್ಟದ್ದು: ಇಡೀ ಹೋಮ್, ಅಡಗಿದ ಫೋಲ್ಡರ್ ಸಮೇತ, ಆರ್‌ಸಿಂಕ್‌ನಿಂದ. ಇಡೀ ಇಟಿಸಿ ಒಂದು ಟಾರ್ ಫೈಲ್ ಆಗಿ. ಬುಕ್‌ಮಾರ್ಕ್‌ಗಳು ಎಚ್‌ಟಿಎಂಎಲ್ ಆಗಿ, ಪಾಸ್‌ವರ್ಡ್‌ಗಳು ಸಿಎಸ್‌ವಿ ಆಗಿ. ಆ ಸಿಎಸ್‌ವಿಯನ್ನು ಯಾರು ಬೇಕಾದರೂ ಓದಬಹುದು, ಕೆಲಸ ಮುಗಿದ ಕೂಡಲೇ ಅಳಿಸಿದೆ.

ಪಾರ್ಟಿಶನ್ ಕೈಯಲ್ಲೇ ಮಾಡಿದೆ. ಇಎಫ್‌ಐಗೆ (ಬೂಟ್ ಫೈಲ್‌ಗಳ ಜಾಗ) 512 ಎಂಬಿ, ರೂಟ್‌ಗೆ (ಸಿಸ್ಟಂ ಇರುವ ಜಾಗ) 50 ಜಿಬಿ, ಉಳಿದದ್ದೆಲ್ಲ ಹೋಮ್‌ಗೆ. ಮುಂದೆ ಡಿಸ್ಟ್ರೋ ಬದಲಾಯಿಸಿದರೆ ರೂಟ್ ಮಾತ್ರ ಫಾರ್ಮ್ಯಾಟ್ ಆಗುತ್ತದೆ. ವೈಫೈ ಫೈಲ್ ಅನ್ನು ಟಾರ್‌ನಿಂದ ತೆಗೆದು ಅದೇ ಜಾಗಕ್ಕೆ ಹಾಕಿದೆ. ಎರಡು ನಿಮಿಷದ ಕೆಲಸ. ಬಯಾಸ್‌ನ ಬೂಟ್ ಪಟ್ಟಿಯಲ್ಲಿ ಉಬುಂಟು, ಫೆಡೋರಾ ಹೆಸರು ಹಾಗೇ ಉಳಿದಿದ್ದವು. ಅವು ಇರುವುದು ಮದರ್‌ಬೋರ್ಡ್‌ನಲ್ಲಿ, ಡಿಸ್ಕ್ ಬದಲಾಯಿಸಿದರೂ ಹೋಗುವುದಿಲ್ಲ. ಇಎಫ್‌ಐಬೂಟ್‌ಎಂಜಿಆರ್‌ನಿಂದ ತೆಗೆದೆ.

ಆನ್ ಆಗಲು 19 ಸೆಕೆಂಡ್.

ಫೆಡೋರಾದಿಂದ ತಂದ ಫೈರ್‌ಫಾಕ್ಸ್ ಪ್ರೊಫೈಲ್ ತೆರೆಯಲಿಲ್ಲ. ಡೆಬಿಯನ್‌ನಲ್ಲಿರುವುದು ಇಎಸ್‌ಆರ್, ಅಂದರೆ ಹೆಚ್ಚು ಕಾಲ ಬೆಂಬಲ ಇರುವ, ಸ್ವಲ್ಪ ಹಳೆಯ ಆವೃತ್ತಿ. ಹೊಸ ಆವೃತ್ತಿಯ ಪ್ರೊಫೈಲ್ ಅನ್ನು ಹಳೆಯದು ಮುಟ್ಟುವುದಿಲ್ಲ. ಎಚ್‌ಟಿಎಂಎಲ್, ಸಿಎಸ್‌ವಿ ಇದ್ದದ್ದರಿಂದ ಹೊಸ ಪ್ರೊಫೈಲ್‌ಗೆ ಎಲ್ಲ ತುಂಬಿಸಿದೆ.

ಕನ್ನಡ ಇನ್ನೂ ಮೂರು ಕಡೆ ತಡೆಯಿತು.

ಒಂದು: ಟೆಕ್ಸ್ಟ್ ಎಡಿಟರ್‌ನಲ್ಲಿ ಬರುವ ಕನ್ನಡ, ವರ್ಡ್ ಥರದ ಲಿಬ್ರೆಆಫೀಸ್‌ನಲ್ಲಿ ಬರಲಿಲ್ಲ. 'ಐಎಂ-ಕಾನ್ಫಿಗ್' ಓಡಿಸಿ ಐಬಸ್ ಆರಿಸಿದೆ, ಲಾಗ್‌ಔಟ್ ಮಾಡಿ ಬಂದೆ, ಆಗಲೂ ಇಲ್ಲ. ಲಿಬ್ರೆಆಫೀಸ್-ಜಿಟಿಕೆ3 ಪ್ಯಾಕೇಜ್ ಹಾಕಿದ ಮೇಲೆ ಬಂತು.

ಎರಡು: ಅಕ್ಷರದ ಗಾತ್ರ 16 ಮಾಡಿದರೂ ಹಳೆ ಕಡತದಲ್ಲಿ ಕನ್ನಡ ಚಿಕ್ಕದಾಗಿಯೇ ಉಳಿಯಿತು. ಲಿಬ್ರೆಆಫೀಸ್ ಕನ್ನಡವನ್ನು ಸಿಟಿಎಲ್ ಎಂಬ ಬೇರೆ ಗುಂಪಿಗೆ ಸೇರಿಸುತ್ತದೆ. ಅದರ ಫಾಂಟ್, ಗಾತ್ರ ಬೇರೆ. ಆಯ್ಕೆಗಳಲ್ಲಿ ಭಾಷೆಯ ಕಡೆ ಹೋಗಿ ಸಿಟಿಎಲ್‌ಗೆ ಕನ್ನಡ ಆರಿಸಿ, ಡೀಫಾಲ್ಟ್ ಸ್ಟೈಲ್‌ನಲ್ಲಿ ಆ ಗುಂಪಿನ ಗಾತ್ರವನ್ನೇ 16ಕ್ಕೆ ಏರಿಸಿದೆ. ಫಾಂಟ್‌ಗಳಿಗೆ 'ಫಾಂಟ್ಸ್-ಕೆಎನ್‌ಡಿಎ' ಎಂಬ ಒಂದೇ ಪ್ಯಾಕೇಜ್ ಸಾಕು. ಲೋಹಿತ್, ಗುಬ್ಬಿ, ನವಿಲು ಮೂರೂ ಬರುತ್ತವೆ. ಅಪ್ಪನಿಗೆ ಗುಬ್ಬಿ ಇಷ್ಟವಾಯ್ತು.

ಮೂರನೆಯದು ಕಷ್ಟದ್ದು. ಅಪ್ಪನ ಹಳೆ ಕಡತಗಳು, 212 ಫೈಲ್, ತೆರೆದರೆ ಬರೀ ಇಂಗ್ಲಿಷ್ ಅಕ್ಷರ, ಅವುಗಳ ಮೇಲೆ ಚುಕ್ಕಿ, ಗೀಟು. ಅವು ಯೂನಿಕೋಡ್‌ಗೆ (ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಸಂಕೇತ ಇರುವ ಪದ್ಧತಿ) ಮೊದಲಿನ ನುಡಿ ಫಾಂಟ್‌ಗಳಲ್ಲಿ ಬರೆದವು. ಒಳಗೆ ಇರುವುದು ಇಂಗ್ಲಿಷ್ ಸಂಕೇತಗಳೇ, ಕನ್ನಡವಾಗಿ ತೋರಿಸುವುದು ಆ ಫಾಂಟ್. ಆಗಸ್ಟ್ 16ರಂದು ನಾನು ಕಡತಗಳನ್ನು ಕಾಪಿ ಮಾಡಿದ್ದೆ, ವಿಂಡೋಸ್‌ನ ಫಾಂಟ್ಸ್ ಫೋಲ್ಡರ್ ಮಾಡಿರಲಿಲ್ಲ. ಸ್ನೇಹಿತರೊಬ್ಬರ ಕಂಪ್ಯೂಟರ್‌ನಲ್ಲಿದ್ದ ನುಡಿಯಿಂದ ಫಾಂಟ್ ತಂದು, ಹೋಮ್ ಒಳಗಿನ ಡಾಟ್ ಲೋಕಲ್, ಶೇರ್, ಫಾಂಟ್ಸ್ ಫೋಲ್ಡರ್‌ಗೆ ಹಾಕಿ 'ಎಫ್‌ಸಿ-ಕ್ಯಾಶ್' ಓಡಿಸಿದೆ. ಕಡತಗಳು ಓದಲು ಬಂದವು. ಒಂದೊಂದಾಗಿ ಯೂನಿಕೋಡ್‌ಗೆ ಬದಲಿಸುತ್ತಿದ್ದೇನೆ, ಇಲ್ಲಿಯವರೆಗೆ 38 ಆಗಿದೆ. ಬದಲಿಸಿದ ಮೇಲೆ ಅರ್ಕಾವತ್ತು ಇರುವ ಪದಗಳನ್ನು ಅಪ್ಪ ಕೂತು ನೋಡುತ್ತಾರೆ.

ಎರಡು ಕೀ ಒಟ್ಟಿಗೆ ಒತ್ತಿ ಭಾಷೆ ಬದಲಾಯಿಸುವುದು ಅವರಿಗೆ ತ್ರಾಸ. ಹೊರಗಿನ ಕೀಬೋರ್ಡ್‌ನಲ್ಲಿ ಯಾರೂ ಮುಟ್ಟದ ಸ್ಕ್ರೋಲ್ ಲಾಕ್ ಇತ್ತು. ಐಬಸ್ ಸೆಟಪ್‌ನಲ್ಲಿ ಅದನ್ನೇ ಕೊಟ್ಟೆ.

7. ಅಕ್ಟೋಬರ್ 1ರಿಂದ 4: ಪ್ರಿಂಟರ್, ಇನ್ನೂ ಮುಗಿದಿಲ್ಲ

ಆಯುಧ ಪೂಜೆಗೆ ಲ್ಯಾಪ್‌ಟಾಪ್‌ಗೂ ಕುಂಕುಮ ಹಚ್ಚಿ, ಮಧ್ಯಾಹ್ನ ಪ್ರಿಂಟರ್ ಕೈಗೆತ್ತಿಕೊಂಡೆ. 2012ರ ಕಪ್ಪುಬಿಳುಪು ಲೇಸರ್ ಪ್ರಿಂಟರ್. ನನ್ನ ಪರೀಕ್ಷೆ ಹಾಳೆಯಲ್ಲಿ ಇದನ್ನು ಬರೆಯಲು ಮರೆತಿದ್ದೆ. ತಯಾರಕರು ಕೊಡುವ ಲಿನಕ್ಸ್ ಡ್ರೈವರ್ 32 ಬಿಟ್‌ನ ಲೈಬ್ರರಿ ಕೇಳುತ್ತದೆ. ಐ386 ಆರ್ಕಿಟೆಕ್ಚರ್ ಸೇರಿಸಿ, ಅದಕ್ಕೆ ಬೇಕಾದ ಲೈಬ್ರರಿಗಳನ್ನು ಹಾಕಿದೆ. ಮೊದಲ ಪುಟ ಚೆನ್ನಾಗಿ ಬಂತು. ಎರಡನೆಯದಕ್ಕೆ 'ಪ್ರೊಸೆಸಿಂಗ್' ಎಂದು ನಿಂತಿತು.

ಇಲ್ಲಿಯವರೆಗೆ ಮಾಡಿದ್ದು: ಪ್ರಿಂಟರ್ ಆನ್ ಮಾಡಿದ ಮೇಲೆ ಡೀಮನ್ (ಡ್ರೈವರ್ ಜೊತೆಗೆ ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಮ್) ಶುರುಮಾಡಿ ನೋಡಿದೆ, ಒಂದು ಪುಟ ಬಂತು, ನಿಂತಿತು. ಬೇರೆ ಯುಎಸ್‌ಬಿ ಪೋರ್ಟ್, ಅದೇ ಕಥೆ. ಕೇಬಲ್ ಬದಲಾಯಿಸಿದೆ, ಅದೇ. ಪ್ರಿಂಟರ್ ಆಫ್ ಮಾಡಿ ಆನ್ ಮಾಡಿದರೆ ಇನ್ನೊಂದು ಪುಟ ಬರುತ್ತದೆ. ಇಂಥ ಹಳೆ ಲೇಸರ್ ಪ್ರಿಂಟರ್ ಅನ್ನು ಲಿನಕ್ಸ್‌ನಲ್ಲಿ ಸಲೀಸಾಗಿ ಓಡಿಸಿದವರಿದ್ದರೆ ಯಾವ ಡ್ರೈವರ್, ಯಾವ ಡಿಸ್ಟ್ರೋ ಎಂದು ತಿಳಿಸಿ.

ಈ ಮಧ್ಯೆ ಅಪ್ಪನ ನೋಟ್‌ಬುಕ್ಕಿನ 64 ಪುಟದಲ್ಲಿ 20 ಪುಟ ಟೈಪ್ ಆಗಿದೆ. ಪ್ರಿಂಟ್ ತೆಗೆಸಲು ಜೆರಾಕ್ಸ್ ಅಂಗಡಿಗೆ ಮೊದಲ ಸಲ ಲಿಬ್ರೆಆಫೀಸ್‌ನ ಓಡಿಟಿ ಫೈಲ್‌ನಲ್ಲೇ ಕಳಿಸಿದೆ. ಅಲ್ಲಿ ಗುಬ್ಬಿ ಫಾಂಟ್ ಇಲ್ಲದೆ ಸಾಲುಗಳೆಲ್ಲ ಜರುಗಿ ಬಂದವು. ಈಗ ಪಿಡಿಎಫ್ ಮಾಡಿ ಪೆನ್‌ಡ್ರೈವ್‌ಗೆ ಹಾಕಿಕೊಡುತ್ತೇವೆ, ಫಾಂಟ್ ಅದರೊಳಗೇ ಇರುತ್ತದೆ. ಪುಟಕ್ಕೆ 3 ರೂಪಾಯಿ. ಸಂಜೆ ವಾಕಿಂಗ್ ಹೋದಾಗ ಅಪ್ಪನೇ ತೆಗೆಸಿಕೊಂಡು ಬರುತ್ತಾರೆ.